ತುರ್ತು ವಿಮಾನ ಪ್ರಯಾಣಕ್ಕೆ ದರ ಮಿತಿ ಬೇಕು

ಮಾನ್ಯರೇ,

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಚಿಕ್ಕಬಳ್ಳಾಪುರಕ್ಕೆ ಇಷ್ಟು ಸಮೀಪವಿದ್ದರೂ, ದೆಹಲಿಯಲ್ಲೋ ಕೋಲ್ಕತ್ತದಲ್ಲೋ ಇರುವ ಬಂಧುವಿನ ಸಾವು-ನೋವಿನ ಸುದ್ದಿ ಬಂದ ದಿನ ಟಿಕೆಟ್ ದರವು ನಮ್ಮ ಸಾಮಾನ್ಯ ಕುಟುಂಬಗಳ ಕೈಗೆಟುಕುವುದಿಲ್ಲ. ವಿಮಾನಯಾನ ಸಂಸ್ಥೆಗಳು ಆಸನಗಳನ್ನು ಹಲವು ದರಶ್ರೇಣಿಗಳಾಗಿ ವಿಂಗಡಿಸಿ, ಅಗ್ಗದವು ಮುಗಿದಂತೆಲ್ಲ ದುಬಾರಿಯವನ್ನು ಮಾರುವುದರಿಂದ, ಮುಂಚಿತವಾಗಿ ಕಾಯ್ದಿರಿಸಲಾಗದವರು, ಅಂದರೆ ಸಂಕಟದಲ್ಲಿರುವವರೇ, ಹೆಚ್ಚು ಹಣ ತೆರಬೇಕಾಗುತ್ತದೆ. ನಸುಕಿನ ಅಥವಾ ಹೈದರಾಬಾದ್ ಮಾರ್ಗವಾಗಿ ಹೋಗುವ ವಿಮಾನ ಹುಡುಕಿದರೆ ಕೆಲವೊಮ್ಮೆ ಅಲ್ಪಸ್ವಲ್ಪ ಉಳಿಯಬಹುದು. ಆದರೆ ದುಃಖದಲ್ಲಿರುವವರಿಗೆ ಅಷ್ಟು ವ್ಯವಧಾನವೆಲ್ಲಿ? ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಿನಿಂದ 2022ರ ಆಗಸ್ಟ್‌ವರೆಗೆ, ಕೇಂದ್ರ ಸರ್ಕಾರವೇ ದೇಶೀಯ ಪ್ರಯಾಣ ದರಕ್ಕೆ ಮಿತಿ ವಿಧಿಸಿತ್ತು. ಪ್ರತಿ ವಿಮಾನದಲ್ಲೂ ಕೆಲವು ಆಸನಗಳನ್ನಾದರೂ ಕೊನೆಯ ದಿನದವರೆಗೆ ನಿಗದಿತ ದರಕ್ಕೆ ಮೀಸಲಿಡುವಂತೆ ನಾಗರಿಕ ವಿಮಾನಯಾನ ಸಚಿವಾಲಯವು ಕೂಡಲೇ ಆದೇಶಿಸಬೇಕು.

– ಒಬ್ಬ ಓದುಗ, ಚಿಕ್ಕಬಳ್ಳಾಪುರ