ಗುಬಳವು ಏನನ್ನು ಜರವಿತು? ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಕೊಪ್ಪಳ ಜಿಲ್ಲೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿ ನಿವೃತ್ತಳಾದ ಶಿಕ್ಷಕಿ ನಾನು. ವಿಷಯಕ್ಕೆ ಬರುವ ಮುನ್ನ ತಾವು ಈ ಒಂದು ವಾಕ್ಯವನ್ನು ಓದಬೇಕೆಂದು ವಿನಂತಿ: ‘ಗುಬಳವು ತೊಮಕೆಯನ್ನು ಜರವಿತು.’ ಈಗ ಪ್ರಶ್ನೆ. ಗುಬಳವು ಏನನ್ನು ಜರವಿತು? ‘ತೊಮಕೆಯನ್ನು’ ಎಂದು ತಾವು ತಕ್ಷಣ ಹೇಳುತ್ತೀರಿ. ತೊಮಕೆಯನ್ನು ಜರವಿದ್ದು ಯಾವುದು ಎಂದರೆ ‘ಗುಬಳ’ ಎನ್ನುತ್ತೀರಿ. ಎರಡಕ್ಕೆ ಎರಡು ಅಂಕ. ಆದರೆ ಈ ಮೂರು ಪದಗಳನ್ನೂ ಕಟ್ಟಿದವಳು ನಾನೇ. ಅವುಗಳಿಗೆ ಅರ್ಥವೇ ಇಲ್ಲ.

ಕನ್ನಡದ ವಿಭಕ್ತಿ ಪ್ರತ್ಯಯಗಳು ಅಷ್ಟು ನಿಷ್ಠೆಯಿಂದ ದುಡಿಯುತ್ತವೆ. ‘ಏನನ್ನು’ ಎಂದು ಕೇಳಿದರೆ ‘ಅನ್ನು’ ಹತ್ತಿದ ಪದವನ್ನು, ‘ಎಲ್ಲಿ’ ಎಂದು ಕೇಳಿದರೆ ‘ಅಲ್ಲಿ’ ಹತ್ತಿದ ಪದವನ್ನು ಪಾಠದಲ್ಲಿ ಹುಡುಕಿ ಬರೆದರೆ ಉತ್ತರ ಸರಿಯಾಗಿಯೇ ಇರುತ್ತದೆ. ಈ ಜಾಣತನವನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಎರಡನೇ ತರಗತಿ ಮುಗಿಯುವಷ್ಟರಲ್ಲಿ ತಾವಾಗಿಯೇ ಕಲಿತಿರುತ್ತಾರೆ. ನಮ್ಮ ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನಗಳಲ್ಲಿ ‘ಒಂದು ವಾಕ್ಯದಲ್ಲಿ ಉತ್ತರಿಸಿ’, ‘ಬಿಟ್ಟ ಸ್ಥಳ ತುಂಬಿರಿ’, ‘ಹೊಂದಿಸಿ ಬರೆಯಿರಿ’ ಎಂಬ ತಲೆಬರಹಗಳ ಕೆಳಗೆ ನಾವು ಅಳೆಯುತ್ತಿರುವುದು ಬಹುಪಾಲು ಈ ಹುಡುಕುವ ಕೌಶಲವನ್ನೇ ಹೊರತು ಅರ್ಥಗ್ರಹಿಕೆಯನ್ನಲ್ಲ ಎಂಬುದು ನನ್ನ ದೂರು. ಇಂಥ ಪ್ರಶ್ನೆಪತ್ರಿಕೆಗಳನ್ನು ನಾನೂ ವರ್ಷಗಟ್ಟಲೆ ತಯಾರಿಸಿದ್ದೇನೆ.

ಒಮ್ಮೆ ಮೂರನೇ ತರಗತಿಯ ಒಬ್ಬ ಹುಡುಗಿ ‘ಅಜ್ಜಿ ಪೊರಕೆ ಹಿಡಿದು ಅಂಗಳಕ್ಕೆ ಬಂದಳು’ ಎಂಬ ಸಾಲನ್ನು ಎಲ್ಲಿಯೂ ತಡವರಿಸದೆ ಓದಿದಳು. ಅಜ್ಜಿಯ ಕೈಯಲ್ಲಿ ಏನಿತ್ತು ಎಂದು ಕೇಳಿದೆ. ‘ಪೊರಕಿ ರೀ ಅಕ್ಕೋರೇ’ ಎಂದಳು. ಅದನ್ನು ತಗೊಂಡು ಅಜ್ಜಿ ಏನು ಮಾಡ್ತಾಳ ಎಂದೆ. ‘ತಿಂತಾಳ್ರಿ’ ಎಂದಳು. ಅವಳ ಮನೆಯಲ್ಲಿ ಅದು ಕಸಬರಿಗಿ; ದಿನವೂ ಹಿಡಿದು ಕಸ ಗುಡಿಸುವವಳು ಅವಳೇ. ನಮ್ಮ ಕಡೆಯ ಮಕ್ಕಳಿಗೆ ಪಠ್ಯದ ಕನ್ನಡವೇ ಅರ್ಧ ಬೇರೆ ಭಾಷೆಯಂತಿರುವಾಗ, ತಾಂಡಾದಲ್ಲಿ ಲಂಬಾಣಿ ಆಡುವ ಮಗುವಿಗೆ ಅದು ಎಷ್ಟು ದೂರದ್ದು ಎಂಬುದನ್ನು ತಾವೇ ಊಹಿಸಬಹುದು.

ಅಕ್ಷರ ಕಲಿಕೆಯ ಶ್ರಮವನ್ನು ನಾನು ಹಗುರ ಮಾಡುತ್ತಿಲ್ಲ. 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ಸುಮಾರು ಐನೂರು ರೂಪಗಳಾಗುತ್ತವೆ, ಅದರ ಮೇಲೆ ಒತ್ತಕ್ಷರಗಳು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಮೊದಲಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯು ‘ರ ಗ ಸ ದ ಅ’ ಎಂದು ಆರಂಭಿಸಿ ಈ ಭಾರವನ್ನು ಬಹಳಷ್ಟು ಇಳಿಸಿತು, ಮಕ್ಕಳ ಹೆದರಿಕೆಯನ್ನೂ ಬಿಡಿಸಿತು. ಆದರೆ ಒಂದೇ ಕೋಣೆಯಲ್ಲಿ ಮೂರು ತರಗತಿಗಳ ಮಕ್ಕಳನ್ನು ‘ತಟ್ಟೆ’ಗಳೆಂಬ ಗುಂಪುಗಳಲ್ಲಿ ಕೂರಿಸಿಕೊಂಡ ಶಿಕ್ಷಕಿಗೆ, ಯಾವ ಮಗು ಕಲಿಕೆಯ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ದಾಖಲಿಸುವುದರಲ್ಲೇ ಹೊತ್ತು ಮುಗಿದು, ಓದಿದ್ದರ ಬಗ್ಗೆ ಮಾತನಾಡಲು ಬಿಡುವೇ ಸಿಗುವುದಿಲ್ಲ.

2021ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯು ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕೆನ್ನುತ್ತದೆ. ಗಡಿಯಾರ ಹಿಡಿದು ಪದ ಎಣಿಸುವುದು ಸುಲಭ. ‘ಅರ್ಥಸಹಿತ’ ಎಂಬುದನ್ನು ಎಣಿಸಲಾಗದ ಕಾರಣ ಪರಿಶೀಲನೆಯ ದಿನ ಅದು ಹಿಂದೆ ಸರಿಯುತ್ತದೆ. (‘ಹೋಗಬೇಕಾಗಿತ್ತು’ ಎಂಬುದೂ ಒಂದೇ ಪದವೆಂದು ಲೆಕ್ಕ!) ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಂತೆ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 23.4, 2022ರಲ್ಲಿದ್ದ ಶೇ 16.3ಕ್ಕಿಂತ ಇದು ಮೇಲು. ಆದರೆ ಅಲ್ಲಿ ಅಳೆದದ್ದು ಗಟ್ಟಿಯಾಗಿ, ಸರಾಗವಾಗಿ ಓದುವುದನ್ನು. ನನ್ನ ಪೊರಕೆಯ ಹುಡುಗಿ ಆ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದಳು.

ನನ್ನ ಕೋರಿಕೆಗಳು ದೊಡ್ಡವಲ್ಲ. ಬಾಯಾರಿದ ಕಾಗೆಯ ಕಥೆಯಲ್ಲಿ ‘ಕಾಗೆಯು ಹೂಜಿಯೊಳಗೆ ಏನನ್ನು ಹಾಕಿತು?’ ಎಂದು ಕೇಳುವುದನ್ನು ಬಿಟ್ಟು, ‘ಕಲ್ಲಿನ ಬದಲು ಒಣಗಿದ ಎಲೆ ಹಾಕಿದ್ದರೆ ನೀರು ಮೇಲಕ್ಕೆ ಬರುತ್ತಿತ್ತೇ?’ ಎಂದು ಕೇಳುವಂತಾಗಲಿ. ಒಂದರಿಂದ ಐದನೇ ತರಗತಿಯವರೆಗಿನ ಮೌಲ್ಯಮಾಪನದಲ್ಲಿ ಕನಿಷ್ಠ ಅರ್ಧದಷ್ಟು ಪ್ರಶ್ನೆಗಳು ಪಾಠದಿಂದ ಎತ್ತಿ ಬರೆಯಲಾಗದಂಥವು ಇರಬೇಕು, ಮತ್ತು ಮೂರನೇ ತರಗತಿಯವರೆಗೆ ಮಗು ಅವಕ್ಕೆ ತನ್ನ ಮನೆಮಾತಿನಲ್ಲಿ ಬಾಯಿಂದ ಉತ್ತರಿಸಿದರೂ ಪೂರ್ಣ ಅಂಕ ಸಿಗಬೇಕು. ಹಾಗೆಯೇ ದಿನಕ್ಕೆ ಇಪ್ಪತ್ತು ನಿಮಿಷ ಶಿಕ್ಷಕರು ಒಂದು ಕಥೆಪುಸ್ತಕವನ್ನು ಗಟ್ಟಿಯಾಗಿ ಓದಿ, ನಡುನಡುವೆ ನಿಲ್ಲಿಸಿ, ಮುಂದೇನಾಗಬಹುದು, ಅವನು ಯಾಕೆ ಹಾಗೆ ಮಾಡಿದ ಎಂದು ಮಕ್ಕಳೊಡನೆ ಮಾತನಾಡುವ ಅವಧಿಯನ್ನು ವೇಳಾಪಟ್ಟಿಯಲ್ಲಿಯೇ ಸೇರಿಸಬೇಕು. ಆ ಇಪ್ಪತ್ತು ನಿಮಿಷಕ್ಕಾಗಿ ಒಂದು ದಾಖಲೆ ವಹಿಯನ್ನು ಕಡಿಮೆ ಮಾಡಿ, ಹೊಸದೊಂದನ್ನು ಸೇರಿಸಬೇಡಿ.

ಪುಸ್ತಕಗಳಿಗೆ ಕೊರತೆಯೆನ್ನುವ ಕಾಲ ಇದಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ಸ್ಟೋರಿವೀವರ್ ಎಂಬ ಜಾಲತಾಣದ ಮೂಲಕ ಕನ್ನಡದ ಮಕ್ಕಳ ಕಥೆಗಳನ್ನೂ ಉಚಿತವಾಗಿ ಒದಗಿಸುತ್ತಿದೆ. 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಆ ಗ್ರಂಥಾಲಯಗಳು ಬೇರೆ ಇಲಾಖೆಗೆ ಸೇರಿದವು ಎಂಬ ಕಾರಣಕ್ಕೆ ಶಾಲೆ ಅವುಗಳಿಂದ ದೂರ ಉಳಿಯಬಾರದು. ವಾರಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವಂತೆ ಎರಡೂ ಇಲಾಖೆಗಳು ಕೂಡಿ ಆದೇಶ ಹೊರಡಿಸಬಹುದು.

ಕೊನೆಯದಾಗಿ, ಶಾಲೆಯ ಬೀರುವಿನ ವಿಷಯ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಚಿತ್ರಪುಸ್ತಕಗಳ ಇಡೀ ಕಟ್ಟೊಂದು ನಾಲ್ಕು ವರ್ಷ ಬೀಗದೊಳಗಿತ್ತು. ಹರಿದರೆ ಸ್ಟಾಕ್ ರಿಜಿಸ್ಟರ್‌ಗೆ ಲೆಕ್ಕ ಕೊಡಬೇಕಾದೀತೆಂಬ ಭಯದಿಂದ ಮುಖ್ಯಶಿಕ್ಷಕರು ಕೀಲಿಯನ್ನು ಕೊಡುತ್ತಿರಲಿಲ್ಲ. ಅವರನ್ನು ದೂರಲಾರೆ, ಅವರ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಮಕ್ಕಳು ಓದಿ ಹರಿದ ಪುಸ್ತಕವನ್ನು ಯಾವ ವಸೂಲಾತಿಯೂ ಇಲ್ಲದೆ ದಾಸ್ತಾನಿನಿಂದ ತೆಗೆದುಹಾಕಬಹುದು ಎಂಬ ಒಂದೇ ಸಾಲಿನ ಸುತ್ತೋಲೆಯನ್ನು ಈ ಶೈಕ್ಷಣಿಕ ವರ್ಷದಲ್ಲಿಯೇ ಹೊರಡಿಸಬೇಕೆಂದು ಕೋರುತ್ತೇನೆ. ಅದಕ್ಕೆ ಆಯವ್ಯಯದಲ್ಲಿ ಹಣ ತೆಗೆದಿಡಬೇಕಾಗಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ
ಕೊಪ್ಪಳ ಜಿಲ್ಲೆ