ನಿನ್ನಜ್ಜನ ಹಲಗಿ, ನಮ್ಮೂರ ಹಲಗೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮಗಳ ಕನ್ನಡ ನೋಟ್‌ಬುಕ್ಕಿನ ಫೋಟೋ ನಿನ್ನೆ ರಾತ್ರಿ ನೋಡಿದೆ. ‘ಪದಗಳ ಅರ್ಥ ಬರೆಯಿರಿ’ ಎಂಬಲ್ಲಿ ‘ಹಲಗೆ’ಯ ಎದುರು ಅವಳು ‘ಬಾರಿಸುವ ವಾದ್ಯ’ ಎಂದು ದುಂಡಗೆ ಬರೆದಿದ್ದಾಳೆ. ಅದರ ಮೇಲೆ ಕೆಂಪು ಶಾಯಿಯ ಗೆರೆ. ಪಕ್ಕದಲ್ಲಿ ‘ಮರದ ಪಟ್ಟಿ’ ಎಂದು ತಿದ್ದಿದ್ದಾರೆ. ಫೋಟೋದ ಕೆಳಗೆ ನೀನು ಏನೂ ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ, ಆ ಹಲಗಿ ಯಾರದೆಂದು ನನಗೆ ಗೊತ್ತು.

ಅವಳ ಉತ್ತರ ಸರಿ ಇದೆ. ಅದನ್ನು ಅಳಿಸಲು ಬಿಡಬೇಡ. ಟೀಚರ್ ಬರೆದದ್ದೂ ಸರಿಯೇ. ಅವಳ ವಯಸ್ಸಿನಲ್ಲಿ ನನಗೆ ಅದೇ ಪ್ರಶ್ನೆ ಕೊಟ್ಟಿದ್ದರೆ ಈ ಎರಡನ್ನೂ ಬಿಟ್ಟು ಮೂರನೆಯದನ್ನು ಬರೆಯುತ್ತಿದ್ದೆ: ‘ಕೋಣಗಳ ಹಿಂದೆ ಕಟ್ಟುವುದು.’

ನಮ್ಮ ಕಾರ್ಕಳದ ಕಡೆ ಹಲಗೆ ಎಂದರೆ ಮೊದಲು ಕಂಬಳ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ಕೋಣಗಳ ವಿಭಾಗಗಳಿರುತ್ತವೆ. ಇದರಲ್ಲಿ ಕನೆಹಲಗೆಗೆ ಯಾರು ಮೊದಲು ಮುಟ್ಟಿದರು ಎಂಬ ಲೆಕ್ಕವೇ ಇಲ್ಲ. ಓಡಿಸುವವನ ಒಂದು ಕಾಲು ಹಲಗೆಯ ಮೇಲೆ ಇರುತ್ತದೆ. ಕೋಣಗಳು ಎಳೆದುಕೊಂಡು ಹೋಗುವಾಗ ಹಲಗೆಯ ತೂತಿನಿಂದ ಕೆಸರುನೀರು ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಮೇಲೆ ಅಡ್ಡಲಾಗಿ ಕಟ್ಟಿದ ಬಟ್ಟೆಗೆ ನಿಶಾನೆ ಎನ್ನುತ್ತೇವೆ. ಅದರ ಎತ್ತರವನ್ನು ಕೋಲಿನ ಅಳತೆಯಲ್ಲಿ ಹೇಳುತ್ತೇವೆ, 6.5 ಕೋಲು, 7.5 ಕೋಲು ಎಂದು. ನೀರು ಅಲ್ಲಿಗೆ ತಾಗಬೇಕು. ಅಪ್ಪನ ಹೆಗಲ ಮೇಲೆ ಕೂತು ನೋಡುತ್ತಿದ್ದ ನನಗೆ, ಆ ನೀರು ಬಟ್ಟೆಗೆ ತಾಗಿದ ಕ್ಷಣ ಇಡೀ ಗದ್ದೆ ಒಂದೇ ಬಾಯಿಂದ ಕೂಗಿದ್ದು ಇಂದಿಗೂ ಕಿವಿಯಲ್ಲಿದೆ. ಶಾಲೆಯಲ್ಲಿ ಮೇಷ್ಟ್ರು ಕಪ್ಪು ಹಲಗೆ ಒರೆಸಲು ಹೇಳಿದಾಗಲೂ ನನ್ನ ಕಣ್ಣಿಗೆ ಬರುತ್ತಿದ್ದದ್ದು ಆ ಕೆಸರುನೀರೇ.

ಕೋಣ ಓಡುವ ಆ ಹಾದಿಗೆ ಕರೆ ಎಂದು ಹೆಸರು. ನಿನಗೆ ಕರೆ ಎಂದರೆ ಫೋನು. ನಮಗೆ ಎರಡು ಕರೆ ಜೊತೆಗಿದ್ದರೆ ಜೋಡುಕರೆ. ಮಿಯ್ಯಾರಿನ ಜೋಡುಕರೆಗೆ ಲವ-ಕುಶರ ಹೆಸರು, ಮೂಡುಬಿದಿರೆಯದಕ್ಕೆ ಕೋಟಿ-ಚೆನ್ನಯರದು. ಈ ಕೋಟಿ-ಚೆನ್ನಯರ ಹೆಸರು ನೆನಪಿಟ್ಟುಕೋ, ಮುಂದೆ ಬರುತ್ತದೆ.

ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ರೂಮಿಗೆ ಬಿದ್ದ ಮೊದಲ ವಾರ ನೀನು ಒಂದು ಮಾತು ಹೇಳಿದ್ದೆ: ‘ನಮ್ಮಜ್ಜ ಗರಡಿ ಮುಂದ ಹಲಗಿ ಬಾರಸ್ತಿದ್ದ.’ ಐದು ಪದ, ಎಲ್ಲವೂ ಕನ್ನಡ. ನನಗೆ ಒಂದಕ್ಕೊಂದು ಕೂಡಿಬರಲಿಲ್ಲ. ಹಲಗೆ ಎಂದರೆ ಕೆಸರಿನಲ್ಲಿ ಓಡುವುದು, ಅದನ್ನು ಬಾರಿಸುವುದು ಹೇಗೆ? ಇನ್ನು ಗರಡಿ. ನಮ್ಮಲ್ಲಿ ಗರಡಿ ಎಂದರೆ ಕೋಟಿ-ಚೆನ್ನಯರ ಗುಡಿ. ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು, ದನಿ ತಗ್ಗಿಸಿ ನಿಲ್ಲುವ ಜಾಗ. ‘ನಿಮ್ಮೂರಲ್ಲಿ ನೇಮ ಯಾವ ತಿಂಗಳಲ್ಲಿ?’ ಎಂದು, ನಮ್ಮ ದೈವದ ಉತ್ಸವವನ್ನು ನೆನೆದು, ನಾನು ಕೇಳಿದೆ. ‘ಯಾತರ ನೇಮ? ದಿನಾ ಮುಂಜಾನೆ ನಾಕಕ್ಕ ಎದ್ದು ಬೈಠಕ್ ಹೊಡೀತಿದ್ರು’ ಎಂದೆ ನೀನು.

ನಿನ್ನ ಗರಡಿ ಕುಸ್ತಿಯ ಮನೆ ಎಂದು ತಿಳಿಯಲು ನನಗೆ ಅರ್ಧ ರಾತ್ರಿ ಬೇಕಾಯಿತು. ಆಮೇಲೆ ಮಲಗಿದಲ್ಲೇ ಯೋಚಿಸಿದೆ. ಕೋಟಿ-ಚೆನ್ನಯರು ವೀರರು, ಆಯುಧ ಹಿಡಿದವರು. ಸಾಮು ಮಾಡುವ ಮನೆಯ ಹೆಸರೇ ಅವರನ್ನು ನೆನೆಯುವ ಗುಡಿಗೂ ನಿಂತಿದೆ. ನಿನ್ನೂರಲ್ಲಿ ಮೈ ಪಳಗಿಸುವ ಕಡೆ ಗರಡಿ, ನನ್ನೂರಲ್ಲಿ ಹಾಗೆ ಪಳಗಿದವರು ದೈವವಾಗಿ ನೆಲೆ ನಿಂತ ಕಡೆ ಗರಡಿ. ಪದ ಊರು ಬದಲಿಸಿದ್ದರೂ ನಂಟು ಬಿಟ್ಟಿರಲಿಲ್ಲ.

ಬೈಠಕ್ ಕೂಡ ಹಾಗೆಯೇ. ಗರಡಿಯಲ್ಲಿ ಅದು ಕೂತು ಏಳುವ ಕಸರತ್ತು. ಅದೇ ನಿನ್ನ ಧಾರವಾಡ-ಹುಬ್ಬಳ್ಳಿಯ ಹಾಡಿನವರ ನಡುವೆ ಬೈಠಕ್ ಎಂದರೆ ಜಮಖಾನೆಯ ಮೇಲೆ ಇಪ್ಪತ್ತು ಮೂವತ್ತು ಜನ ಕೂತು ಕೇಳುವ ಕಚೇರಿ. ನೋಡು, ಕಚೇರಿ ಎಂದೆ! ಮಗಳಿಗೆ ಅದು ಬೀಗ ಹಾಕಿದ ಆಫೀಸು. ನಿಮ್ಮ ಗರಡಿಯಲ್ಲಿ ಪಟ್ಟು ಕಲಿಸುವವನು ವಸ್ತಾದ, ರಾಗ ಕಲಿಸುವವರು ಉಸ್ತಾದರು. ನಿನ್ನ ಪಕ್ಕದ ಕುಂದಗೋಳದಲ್ಲಿ 1886ರಲ್ಲಿ ಹುಟ್ಟಿದ ರಾಮಭಾವು, ಉಸ್ತಾದ್ ಅಬ್ದುಲ್ ಕರೀಂ ಖಾನರ ಬಳಿ ಕಲಿತು ಸವಾಯಿ ಗಂಧರ್ವರಾದರು. ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಗುರುಗಳಾದರು. ನೀನು ಅಂದು ಹೇಳಿದ್ದು ನೆನಪಿದೆ: ‘ಎರಡೂ ಕಡೆ ಮೊದಲು ಬೇಕಾದ್ದು ದಮ್ಮು, ಹೆಸರು ಒಂದೇ ಇದ್ದರ ತಪ್ಪೇನು?’

ಹಲಗಿ ನನಗೆ ಅರ್ಥವಾದದ್ದು ಮಾತ್ರ ಮಾತಿನಿಂದಲ್ಲ. ಹೋಳಿಗೆ ನಿನ್ನೂರಿಗೆ ಬಂದಿದ್ದೆನಲ್ಲ, ಅಂದು ಸಂಜೆ. ಅಜ್ಜ ಅಂಗಳದ ಮೂಲೆಯಲ್ಲಿ ಒಂದು ಹಿಡಿ ಹುಲ್ಲಿಗೆ ಬೆಂಕಿ ಕೊಟ್ಟು, ಹಲಗಿಯ ಮುಖವನ್ನು ಅದರ ಎದುರು ಹಿಡಿದು ನಿಧಾನ ತಿರುಗಿಸುತ್ತಿದ್ದರು. ನಡುನಡುವೆ ಬೆರಳಿನಿಂದ ಒಂದು ತಟ್ಟು, ಕಿವಿಗೆ ಹತ್ತಿರ, ಮತ್ತೆ ಬೆಂಕಿಗೆ. ಮೊದಲು ಮಂದವಾಗಿ ಬರುತ್ತಿದ್ದ ದನಿ ಚರ್ಮ ಬಿಗಿದಂತೆ ಗಟ್ಟಿಯಾಯಿತು. ಬಲಗೈಯ ದಪ್ಪ ಕೋಲು, ಎಡಗೈಯ ಸಣ್ಣ ಕಡ್ಡಿ. ಮೊದಲ ಪೆಟ್ಟಿಗೆ ನನ್ನ ಎದೆಗೂಡು ನಡುಗಿತು. ‘ಜೋಡಿ ಕಣಕ್ಕೆ ಬಿಟ್ಟಾಗ ಹಿಂಗ, ಒಬ್ಬಂವ ಪಟ್ಟು ಹಿಡಿದಾಗ ಹಿಂಗ’ ಎಂದು ಅಜ್ಜ ಕುಸ್ತಿಯ ಕಣವನ್ನೇ ಅಂಗಳದಲ್ಲಿ ಬಾರಿಸಿ ತೋರಿಸಿದರು.

ಅಂದು ರಾತ್ರಿ ಮಾಳಿಗೆಯ ಮೇಲೆ ಮಲಗಿದ್ದಾಗ ನೀನು ಉಳಿದದ್ದನ್ನು ಹೇಳಿದೆ. ಮದುವೆಗೆ ಹಲಗಿ ಬೇಕು, ಜಾತ್ರೆಗೆ ಬೇಕು, ಕುಸ್ತಿಗೆ, ಹೆಣದ ಮೆರವಣಿಗೆಗೂ ಬೇಕು. ಬಾರಿಸುವವನು ಮಾತ್ರ ಕಟ್ಟೆ ಹತ್ತುವ ಹಾಗಿಲ್ಲ, ದೂರ ನಿಲ್ಲಬೇಕು. ಆದ್ದರಿಂದ ಈಗ ಆ ಕೆಂಪು ಗೆರೆ ನಿನಗೆ ಎಲ್ಲಿ ತಾಗಿದೆ ಎಂದು ನನಗೆ ಗೊತ್ತಾಗುತ್ತದೆ. ಟೀಚರಿಗೆ ಇದು ಗೊತ್ತಿರಲಿಕ್ಕಿಲ್ಲ. ಒಮ್ಮೆ ಹೋಗಿ ಕೂತು ಹೇಳು. ಹಳಗನ್ನಡದ ‘ಪಲಗೆ’ಯೇ ‘ಹಲಗೆ’ ಆದದ್ದು, ಅದಕ್ಕೆ ಗುರಾಣಿ ಎಂಬ ಅರ್ಥವೂ ಇತ್ತು ಎಂದೂ ಸೇರಿಸು. ಮರದ ಪಟ್ಟಿ, ಯುದ್ಧದ ಗುರಾಣಿ, ಕೋಣದ ಹಲಗೆ, ಅಜ್ಜನ ಹಲಗಿ. ಉತ್ತರ ಬರೆಯಲು ಒಂದೇ ಸಾಲು ಕೊಟ್ಟದ್ದೇ ಕಡಿಮೆಯಾಯಿತು.

ನಮ್ಮಿಬ್ಬರ ಎರಡನೇ ಜಗಳ ‘ಆಟ’ದ್ದು. ಶನಿವಾರ ಮಧ್ಯಾಹ್ನ ನಾನು ಚೀಲ ತುಂಬುತ್ತಾ ‘ಊರಲ್ಲಿ ಆಟ ಇದೆ, ಹೋಗಬೇಕು’ ಎಂದಾಗ ಪಕ್ಕದ ರೂಮಿನ ಮೈಸೂರಿನವ ‘ಕಬಡ್ಡಿನಾ, ವಾಲಿಬಾಲಾ?’ ಎಂದು ಕೇಳಿದ್ದ. ನೀನು ‘ದೊಡ್ಡಾಟೇನು?’ ಎಂದೆ. ನಿನ್ನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಪ್ರಶ್ನೆಗೇ ಇರಬೇಕು. ನೀನು ದೊಡ್ಡಾಟ, ಸಣ್ಣಾಟ ನೋಡಿ ಬೆಳೆದವ. ನನ್ನ ಆಟ ಯಕ್ಷಗಾನ. ಹೆಸರು ಬೇರೆ, ವೇಷ ಬೇರೆ, ಆದರೆ ಬಯಲು, ಇರುಳು, ಚಾಪೆ ಹಿಡಿದು ಹೊರಟ ಮನೆಮಂದಿ, ಎಲ್ಲ ಒಂದೇ.

ನಮ್ಮಲ್ಲಿ ಆಟ ‘ಆಡುವುದು’ ಮೇಳದವರು, ‘ಆಡಿಸುವುದು’ ಹರಕೆ ಹೊತ್ತವರು. ಅಜ್ಜಿ ಕಾಯಿಲೆಯಿಂದ ಎದ್ದ ವರ್ಷ ನಮ್ಮ ಮನೆಯಲ್ಲೇ ಆಟ ಆಡಿಸಿದ್ದೆವು. ‘ಆಟ ಆಡಿಸಬೇಡ’ ಎಂದು ಬೆಂಗಳೂರಿನಲ್ಲಿ ಒಬ್ಬ ಇನ್ನೊಬ್ಬನನ್ನು ಗದರುವುದನ್ನು ಮೊದಲ ಬಾರಿ ಕೇಳಿದಾಗ ನನಗೆ ಅಜ್ಜಿ ನೆನಪಾದಳು. ಸಂಜೆ ಚೆಂಡೆ ಬಾರಿಸಿ ಸುತ್ತಲಿನವರಿಗೆ ಸುದ್ದಿ ಮುಟ್ಟಿಸುವುದಕ್ಕೆ ‘ಕೇಳಿ’ ಎಂದು ಹೆಸರು. ಸಂಸ್ಕೃತದಲ್ಲಿ ಕೇಳಿ ಎಂದರೆ ಆಟವೇ, ಕನ್ನಡದ ಕಿವಿಗೆ ಅದು ‘ಕೇಳಿರಿ’ ಎಂಬ ಕರೆ. ಮೇಳ ಊರೂರು ಸುತ್ತುವುದಕ್ಕೆ ತಿರುಗಾಟ. ಇಲ್ಲೂ ಆಟ ಇದೆ ನೋಡು. ಒಡನಾಟ, ಹೋರಾಟ, ಪರದಾಟ, ಹುಡುಗಾಟ, ಗೋಳಾಟ. ಕನ್ನಡಿಗ ನಕ್ಕರೂ ಅತ್ತರೂ ಕೊನೆಗೆ ಒಂದು ಆಟ ಹಚ್ಚುತ್ತಾನೆ. ‘ಮಾತಾಡು’ ಎನ್ನುವಾಗಲೂ ನಾವು ಆಡುವುದನ್ನೇ ಹೇಳುತ್ತೇವೆ.

ಹುಬ್ಬಳ್ಳಿಯ ಟಾಕೀಸಿನ ಗೋಡೆಯಲ್ಲಿ ನೀನು ತೋರಿಸಿದ್ದೆಯಲ್ಲ, ‘ದಿನಾಲು 4 ಆಟಗಳು’. ಬಯಲಿನ ಆಟ ಸಿನಿಮಾಕ್ಕೂ ಅಂಟಿಕೊಂಡದ್ದು ನನಗೆ ಸಹಜ ಎನಿಸುತ್ತದೆ. ನೋಡಲು ಹೊರಟವರು ಅದೇ ಜನ. 1934ರಲ್ಲಿ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬಂದಾಗ ಬಣ್ಣ ಹಚ್ಚಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ನಾಟಕ ರಂಗದಿಂದ ಬಂದವರು. ಅವರು ನಡೆದುಬಂದ ದಾರಿಯಲ್ಲೇ ಪದಗಳೂ ನಡೆದುಬಂದವು. ಬಣ್ಣ ಹಚ್ಚುವುದು ಎಂದರೆ ಸಿನಿಮಾದಲ್ಲಿ ನಟಿಸುವುದು. ಯಕ್ಷಗಾನದಲ್ಲಿ ಬಣ್ಣದ ವೇಷ ಎಂದರೆ ರಾಕ್ಷಸ. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣದ ವೇಷದವರು ಕನ್ನಡಿಯ ಎದುರು ಕೂತು, ಅಕ್ಕಿಹಿಟ್ಟು-ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ಎತ್ತಿ, ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುವುದನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಒಂದು ಬಿಂದು ಒಣಗುವ ಮೊದಲು ನಕ್ಕರೆ ಎಲ್ಲ ಬಿರಿಯುತ್ತದೆ. ಅವರು ನಗುವುದಿಲ್ಲ, ನಾವು ಮಕ್ಕಳೂ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು.

ತೆರೆ ನನಗೆ ಇನ್ನೂ ಹತ್ತಿರದ ಪದ. ಮಲ್ಪೆಯ ಮೀನುಗಾರನಿಗೆ ತೆರೆ ಎಂದರೆ ಅಲೆ. ಆಟದಲ್ಲಿ ಇಬ್ಬರು ತೆರೆ ಹಿಡಿದು ನಿಂತರೆ, ಅದರ ಹಿಂದಿನ ಗೆಜ್ಜೆ ಕೇಳಿಯೇ ಯಾರು ಬರುತ್ತಿದ್ದಾರೆ ಎಂದು ನಾವು ಪಂದ್ಯ ಕಟ್ಟುತ್ತಿದ್ದೆವು. ನಾಟಕಕ್ಕೆ ‘ತೆರೆ ಬಿತ್ತು’ ಎಂದರೆ ಮುಗಿಯಿತು. ಸಿನಿಮಾ ‘ತೆರೆ ಕಂಡಿತು’ ಎಂದರೆ ಶುರುವಾಯಿತು. ಮುಚ್ಚುವ ಬಟ್ಟೆಯನ್ನೇ ಬೆಳಕು ಬೀಳುವ ಬಟ್ಟೆಯಾಗಿ ಮಾಡಿಕೊಂಡ ಮೇಲೆ ಪದ ತಾನಾಗಿ ಮಗ್ಗುಲು ಬದಲಿಸಿತು.

ಕವಡೆ ಹಾಕಿ ಆಡುವ ಚೌಕಾಬಾರದ ಪದವನ್ನು ಮಗಳೇ ನನಗೆ ಹೇಳಿಯಾಗಿದೆ: ‘ಮಾಮಾ, ನನ್ನ ನಾಲ್ಕೂ ಕಾಯಿ ಹಣ್ಣಾಯ್ತು!’ ಕಾಯಿ ನಡುಮನೆ ಸೇರಿದರೆ ಅಲ್ಲಿ ಹಣ್ಣು. ಇಷ್ಟು ಬಲ್ಲವಳಿಗೆ ಉಳಿದದ್ದು ಕಷ್ಟವಲ್ಲ.

ಅವಳ ಪ್ರಶ್ನೆಯಲ್ಲೇ ಇರುವ ಪದವನ್ನು ಮಾತ್ರ ನಾನೇ ಹೇಳಬೇಕೆಂದಿದ್ದೇನೆ. ‘ಪದಗಳ ಅರ್ಥ ಬರೆಯಿರಿ.’ ಪದ ಎಂದರೆ ನಿನ್ನೂರಲ್ಲಿ ಹಾಡು. ಗೀಗಿಪದ ಕೇಳಿದವರು ಅದರ ಅರ್ಥ ಬರೆ ಎಂದರೆ ನಗುತ್ತಾರೆ. ಇನ್ನು ಅರ್ಥ. ನಮ್ಮಲ್ಲಿ ಮಳೆಗಾಲ ಹಿಡಿದು ಮೇಳಗಳು ಮನೆ ಸೇರಿದ ಮೇಲೆ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಎದುರುಬದುರು ಕೂತವರು ಅದಕ್ಕೆ ಅರ್ಥ ಹೇಳುತ್ತಾರೆ. ಅವರೇ ಅರ್ಥಧಾರಿಗಳು. ಪದ್ಯ ಬರೆದಿಟ್ಟದ್ದು, ಅರ್ಥ ಆ ಹೊತ್ತಿಗೆ ಹುಟ್ಟುವಂಥದ್ದು. ‘ಇವತ್ತು ಕರ್ಣನ ಅರ್ಥ ಯಾರದು?’ ಎಂದು ಜನ ಕೇಳುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಒಂದೇ ಪದ್ಯಕ್ಕೆ ಹೇಳಿದ ಅರ್ಥವನ್ನು ನಮ್ಮ ಹಿರಿಯರು ವರ್ಷಗಟ್ಟಲೆ ಜಗಲಿಯಲ್ಲಿ ಮೆಲುಕು ಹಾಕುತ್ತಿದ್ದರು. ಬಿಳಿ ಪಂಚೆ ಉಟ್ಟು ಕೂತ ಮನುಷ್ಯ ಬರೀ ಮಾತಿನಲ್ಲಿ ರಥದ ಗಾಲಿ ಹೂತದ್ದನ್ನು ಕಾಣಿಸಿದ ರಾತ್ರಿಯನ್ನು ನಾನು ಕಂಡಿದ್ದೇನೆ. ಹೊರಗೆ ಸುರಿಯುವ ಮಳೆ, ಒಳಗೆ ಕರ್ಣ. ಅರ್ಥ ಎಂದರೆ ಯಾರೋ ಒಬ್ಬರು ಎದುರು ಕೂತು ಬಾಯಿ ತೆರೆದಾಗ ಹುಟ್ಟುವುದು ಎಂದು ಅಲ್ಲಿ ಕಲಿತೆ.

ಡಿಸೆಂಬರ್ ರಜೆಗೆ ಮೂವರೂ ಬನ್ನಿ. ಕಂಬಳಗಳು ಶುರುವಾಗಿರುತ್ತವೆ. ಮಗಳನ್ನು ಕರೆಯ ಪಕ್ಕದಲ್ಲೇ ನಿಲ್ಲಿಸಿ ಕನೆಹಲಗೆ ತೋರಿಸುತ್ತೇನೆ, ಬಟ್ಟೆಯ ಮೇಲೆ ಕೆಸರು ಹಾರಿದರೆ ಬೈಯಬೇಡ. ರಾತ್ರಿ ಹತ್ತಿರದಲ್ಲಿ ಎಲ್ಲಾದರೂ ಆಟ ಇದ್ದೇ ಇರುತ್ತದೆ, ಚೌಕಿಗೆ ಕರೆದುಕೊಂಡು ಹೋಗುತ್ತೇನೆ. ನೋಟ್‌ಬುಕ್ಕನ್ನೂ ತರಲಿ, ಆ ಕೆಂಪು ಗೆರೆಯ ಕೆಳಗೆ ಎರಡು ಸಾಲು ಜಾಗ ಇರುವುದನ್ನು ನೋಡಿದ್ದೇನೆ.

ಅಜ್ಜನ ಹಲಗಿಯನ್ನು ಮರೆಯಬೇಡ. ನಮ್ಮ ಕಡೆ ಚಳಿಗಾಲದಲ್ಲೂ ಗಾಳಿಗೆ ತೇವ ಇರುತ್ತದೆ, ಚರ್ಮ ಸಡಿಲವಾದೀತು. ಅಂಗಳದಲ್ಲಿ ಬೈಹುಲ್ಲು ಬೇಕಾದಷ್ಟಿದೆ.

ನಿನ್ನವನೇ,
ಕಾರ್ಕಳದ ರೂಮ್‌ಮೇಟ್