ಮದ್ದು ತಂದುಕೊಟ್ಟ ಮೆಡಿಕಲ್ ಅಣ್ಣನಿಗೆ

2021ರ ಲಾಕ್‌ಡೌನಿನಲ್ಲಿ ಉಡುಪಿಯ ನಮ್ಮ ಓಣಿಯ ಹಿರಿಯರಿಗೆ ಮದ್ದು ತಲುಪಿಸಿದ ಮೆಡಿಕಲ್ ಅಂಗಡಿಯ ಅಣ್ಣಾ, ನಿಮಗೆ ವಂದನೆ. ಬಿಪಿ ಮಾತ್ರೆ, ಕುಚ್ಚಲಕ್ಕಿಯ ಚೀಲ ಜಗಲಿಯಲ್ಲಿಟ್ಟು, ಅಂಗಳಕ್ಕಿಳಿದೇ ಮಾತಾಡುತ್ತಿದ್ದಿರಿ. ಕಿವಿ ಮಂದವಾದವರಿಗೆ ಮಾಸ್ಕ್ ಇಳಿಸದೆ ದೊಡ್ಡಕ್ಷರದ ಚೀಟಿ. ಏಳು ದಿನದ ಮಾತ್ರೆ ಉಳಿದಿರುವಾಗಲೇ ಹೇಳಿಕಳಿಸಿ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದೂ ನೀವೇ.

ದೊಡ್ಡ ಉಪಕಾರವೆಂದರೆ ಆಕ್ಸಿಮೀಟರ್ ಪಾಠ; ಬೆರಳಿಗೆ ಸಿಕ್ಕಿಸಿದರೆ ರಕ್ತದ ಆಮ್ಲಜನಕ, ನಾಡಿಬಡಿತ ಎರಡನ್ನೂ ತೋರಿಸುವ ಪುಟ್ಟ ಯಂತ್ರ ಅದು. ಐದು ನಿಮಿಷ ಕೂತು, ಬೆರಳು ಬೆಚ್ಚಗೆ ಮಾಡಿ, ನೇಲ್ ಪಾಲಿಶ್ ಇದ್ದರೆ ತೆಗೆದು, ಅಂಕೆ ನಿಲ್ಲುವ ತನಕ ಒಂದು ನಿಮಿಷ ಕೈ ಅಲುಗಿಸಬಾರದು. ತಣ್ಣನೆ ಬೆರಳಲ್ಲಿ ರಕ್ತ ಓಡಾಟ ಕಡಿಮೆ, ಅಂಕೆ ತಪ್ಪುತ್ತದೆ. ನಾಡಿಬಡಿತದ 72 ಅನ್ನು ಆಮ್ಲಜನಕವೆಂದು ಓದಿ ಗಾಬರಿ ಬೀಳುವವರೇ ಜಾಸ್ತಿ! ಮತ್ತೆ ನೋಡಿದರೂ ಆಮ್ಲಜನಕದ ಅಂಕೆ 94ಕ್ಕಿಂತ ಕೆಳಗಿದ್ದರೆ ಡಾಕ್ಟರಿಗೆ ಫೋನ್. ಏದುಸಿರಿದ್ದರೆ ಅಂಕೆ ಎಷ್ಟಿದ್ದರೂ ಕಾಯುವಂತಿಲ್ಲ.